ಒಣ ಕೋಣೆಯ ಓವನ್

ಪೆಪ್ಟೈಡ್ ಪೋಣಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಹುಟ್ಟಿಲ್ಲ. ಹುಟ್ಟಿದ್ದರೆ ನನ್ನ ಸುದ್ದಿ ಕೇಳಿ ಬೇರೆ ಕಸುಬು ಹಿಡಿದಿರಬೇಕು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳುವುದಾದರೆ ಇದಕ್ಕಿಂತ ದೊಡ್ಡದಾಗಿಯೇ ಹೇಳುತ್ತಿದ್ದೆ. ನಮ್ಮ ಲ್ಯಾಬಿನಲ್ಲಿ ನನಗೆ ‘ಬಡಾಯಿ’ ಎಂದು ಅಡ್ಡಹೆಸರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತಾರೆ. “ಬಡಾಯಿ, ಇವತ್ತು ಎಷ್ಟು ಗುಡ್ಡ ಎತ್ತಿದ್ರಿ?” ಎಂದು ಕೇಳುತ್ತಾರೆ. “ಎರಡೂವರೆ. ಉಳಿದರ್ಧ ಊಟ ಆದ್ಮೇಲೆ” ಎನ್ನುತ್ತೇನೆ.

ಆದರೆ ಈಗ ಹೇಳಹೊರಟಿರುವುದು ನಗುವ ಸಂಗತಿಯಲ್ಲ. ಅದನ್ನು ನೆನೆದಾಗಲೆಲ್ಲ ನನ್ನ ಮೈ ಹೇಗೆ ಉರಿಯುತ್ತದೆಂದರೆ, ನೆತ್ತಿಯ ಮೇಲೆ ಪಾತ್ರೆ ಇಟ್ಟರೆ ನೀರು ಕುದಿದು ಉಕ್ಕೀತು.

ಮೊದಲು ನನ್ನ ಕೆಲಸ ಏನೆಂದು ತಿಳಿಯಬೇಕು. ಒಂದು ಬಗೆಯ ಪ್ಲಾಸ್ಟಿಕ್ ಇದೆ. ಅದರೊಳಗೆ ವಿದ್ಯುತ್ ಹರಿಯುತ್ತದೆ. ಕಡುನೀಲಿ ಬಣ್ಣ, ಈರುಳ್ಳಿ ಸಿಪ್ಪೆಗಿಂತ ತೆಳು. ಕಡಿದುಹೋದ ನರದ ಎರಡು ತುದಿಗಳ ನಡುವೆ ಅದರ ಪಟ್ಟಿಯೊಂದನ್ನು ಸೇತುವೆಯಂತೆ ಇಟ್ಟರೆ, ನರ ಅದನ್ನೇ ಹಿಡಿದುಕೊಂಡು ಬೆಳೆದು ಆಚೆ ದಡ ಸೇರಬೇಕು. ಆದರೆ ಮನುಷ್ಯನ ಮೈ ಎನ್ನುವುದು ಹಳೇ ಕಾಲದ ಅತ್ತೆಯಿದ್ದಂತೆ. ಹೊರಗಿನಿಂದ ಬಂದದ್ದನ್ನು ಸುಲಭಕ್ಕೆ ಒಳಗೆ ಸೇರಿಸುವುದಿಲ್ಲ. ಮೂಲೆಗೆ ತಳ್ಳಿ, ಸುತ್ತ ಗಾಯದ ಗೋಡೆ ಎಬ್ಬಿಸಿ, ‘ಬಿದ್ದಿರು ಅಲ್ಲೇ’ ಎನ್ನುತ್ತದೆ. ಆ ಅತ್ತೆಯ ಮನಸ್ಸು ಕರಗಿಸುವವಳು ನಾನು. ಅಮೈನೋ ಆಮ್ಲದ ಮಣಿಗಳನ್ನು ಒಂದೊಂದಾಗಿ ಪೋಣಿಸಿ ಪುಟ್ಟ ಸರ ಮಾಡುತ್ತೇನೆ. ಅದೇ ಪೆಪ್ಟೈಡ್. ಸರದ ಒಂದು ತುದಿ ಪ್ಲಾಸ್ಟಿಕ್ಕನ್ನು ಕಚ್ಚಿ ಹಿಡಿಯುತ್ತದೆ. ಇನ್ನೊಂದು ತುದಿ ಜೀವಕೋಶದ ಕಡೆಗೆ ಕೈ ಚಾಚಿ, ‘ಬಾ, ನಾನು ನಿಮ್ಮ ಮನೆಯವಳೇ’ ಎನ್ನುತ್ತದೆ. ಜೀವಕೋಶ ನಂಬಿ ಬಂದು ಕಾಲು ಚಾಚಿ ಕೂರುತ್ತದೆ. ಒಂದೇ ಒಂದು ಮಣಿ ಹಿಂದುಮುಂದಾದರೂ ಆ ಚಾಚಿದ ಕೈ ಕಪಾಳಕ್ಕೆ ಬಾರಿಸುವ ಕೈಯಾಗುತ್ತದೆ. ನನ್ನ ಸರದಲ್ಲಿ ಮಣಿ ಹಿಂದುಮುಂದಾದದ್ದಿಲ್ಲ. ಸೂರ್ಯ ಒಂದೆರಡು ಸಲ ತಡವಾಗಿ ಹುಟ್ಟಿರಬಹುದು, ನನ್ನ ಸರ ತಪ್ಪಿಲ್ಲ.

ಇನ್ನು ಅಕ್ಕ. ಅವಳು ಗಾಜಿನಂಗಡಿಯಲ್ಲಿ ಗಾಜು ಕೊಯ್ಯುತ್ತಿದ್ದಳು. ಕಿಟಕಿಗೆ, ಮೇಜಿಗೆ, ಅಂಗಡಿಯ ಬಾಗಿಲಿಗೆ. ಅವಳು ಕಟ್ಟರ್ ಎಳೆದು ಬೆರಳಿನಿಂದ ಒಮ್ಮೆ ತಟ್ಟಿದರೆ ಗಾಜು ಮರುಮಾತಾಡದೆ ಎರಡಾಗುತ್ತಿತ್ತು. ಒಂದು ದಿನ ಆಳೆತ್ತರದ ಗಾಜೊಂದು ಸ್ಟ್ಯಾಂಡಿನಿಂದ ಜಾರಿ ಅವಳ ಬಲತೋಳಿನ ಮೇಲೆ ಬಿತ್ತು. ತೋಳು ಉಳಿಯಿತು, ನರ ಹೋಯಿತು. ಬಲಗೈ ಹಗ್ಗದ ಮೇಲೆ ಹಾಕಿದ ಒದ್ದೆ ಬಟ್ಟೆಯಂತೆ ನೇತಾಡತೊಡಗಿತು. ಮೊದಲ ಆಪರೇಷನ್ನಿನಲ್ಲಿ ಬರೀ ಲೋಹದ ತಂತಿ ಇಟ್ಟರು. ಅತ್ತೆ ಗೋಡೆ ಎಬ್ಬಿಸಿದಳು. “ಇನ್ನೊಂದೇ ಸಲ ತೋಳು ಬಿಚ್ಚಬಹುದು” ಎಂದರು ಸರ್ಜನ್ನಮ್ಮ. “ಆಮೇಲೆ ಅಲ್ಲಿ ಹೊಲಿಯೋಕೆ ಏನೂ ಉಳಿದಿರಲ್ಲ.” ಆ ಇನ್ನೊಂದು ಸಲಕ್ಕೆ ನಮ್ಮ ಲ್ಯಾಬಿನ ಪಟ್ಟಿ ಎಂದಾಯಿತು. ಮನುಷ್ಯರ ಮೈಯೊಳಗೆ ಹೋಗಲಿರುವ ನಮ್ಮ ಮೊಟ್ಟಮೊದಲ ಪಟ್ಟಿ. ಅಕ್ಕನನ್ನು ಆರಿಸಿದ್ದು ಆಸ್ಪತ್ರೆಯವರು. ಆ ಮಾತುಕತೆಯ ದಿನ ನನ್ನನ್ನು ಬಾಗಿಲ ಹೊರಗೆ ಕೂರಿಸಿದ್ದರು. ಆದರೆ ಪಟ್ಟಿಯ ಮೇಲಿನ ಸರ ನನ್ನದು. ಆ ಸರ ಪೋಣಿಸುವಾಗ ನಾನು ಉಸಿರಾಡುವುದನ್ನೇ ಬಿಟ್ಟಿದ್ದೆ, ಮೂರು ವಾರ.

ನಮ್ಮಲ್ಲಿ ಎರಡು ಕೋಣೆ. ನನ್ನದು ಒದ್ದೆ ಕೋಣೆ: ನೀರು, ದ್ರಾವಣ, ಜೀವಕೋಶ ಸಾಕುವ ತಟ್ಟೆಗಳು, ಸದಾ ಒದ್ದೆ ನೆಲ. ಗೋಡೆಯಾಚೆ ಒಣ ಕೋಣೆ: ಪ್ಲಾಸ್ಟಿಕ್ಕಿನ ಪದರ ಮಾಡುವವರದು. ಅಲ್ಲಿ ಗಾಳಿಯಲ್ಲೂ ತೇವ ಇರಬಾರದು. ಬೆವರಿದವರು ಬಾಗಿಲಲ್ಲೇ ನಿಂತು ಒರೆಸಿಕೊಳ್ಳಬೇಕು. ಎರಡು ಕೋಣೆಗಳ ನಡುವೆ ಬಾಗಿಲಿಲ್ಲ, ಒಂದು ಕಿಂಡಿ. ಅವರು ಪದರ ಮಾಡಿ ಕಿಂಡಿಯಲ್ಲಿ ಇಡುತ್ತಾರೆ. ನಾನು ಅದನ್ನು ಸರದ ದ್ರಾವಣದಲ್ಲಿ ನೆನೆಸಿ, ತೊಳೆದು, ವಾಪಸು ಇಡುತ್ತೇನೆ. ಅವರು ಕತ್ತರಿಸಿ, ಅಳೆದು, ಪ್ಯಾಕ್ ಮಾಡುತ್ತಾರೆ. ಮಾತಿಲ್ಲ, ಕತೆಯಿಲ್ಲ. ಎರಡು ಕೋಣೆಗಳ ನಡುವೆ ಎಷ್ಟೋ ವರ್ಷಗಳಿಂದ ಮುನಿಸು. ಯಾಕೆ ಶುರುವಾಯಿತೆಂದು ಯಾರಿಗೂ ನೆನಪಿಲ್ಲ, ಆದರೆ ಸಂಪ್ರದಾಯ ಬಿಡಬಾರದಲ್ಲ!

ಒಣ ಕೋಣೆಯ ದೊರೆ ಮೀಟರಪ್ಪ. ಒಳ್ಳೆಯ ಓದು, ಒಳ್ಳೆಯ ಕೈ, ಆದರೆ ಮೀಟರಿನಲ್ಲಿ ಕಾಣದ್ದು ಜಗತ್ತಿನಲ್ಲಿ ಇಲ್ಲ ಎನ್ನುವ ಪೈಕಿ. ಮದುವೆಯ ದಿನ ಹೆಂಡತಿಯ ಕೈ ಹಿಡಿಯುವ ಮೊದಲು ಮೀಟರಿನ ಎರಡು ಮೊನೆ ತಾಗಿಸಿ ನೋಡಿದನಂತೆ. ಈ ಸುದ್ದಿ ಹಬ್ಬಿಸಿದವಳು ನಾನೇ. ಅದಕ್ಕೇ ಅವನು ಕಿಂಡಿಯಲ್ಲಿ ನನ್ನ ಮುಖ ಕಂಡರೆ ಬೆನ್ನು ತಿರುಗಿಸುತ್ತಿದ್ದ.

ಆಪರೇಷನ್ನಿಗೆ ನಾಲ್ಕು ದಿನ ಇತ್ತು. ಅಕ್ಕನ ಪಟ್ಟಿಗಳು ಪ್ಯಾಕ್ ಆಗಿ ಆಸ್ಪತ್ರೆಗೆ ಹೋಗಿಯಾಗಿತ್ತು. ಅದೇ ಕಂತಿನಲ್ಲಿ ಉಳಿದ ಪದರಗಳನ್ನು ಆ ಬೆಳಿಗ್ಗೆ ನೆನೆಸಿ ಕಿಂಡಿಯಲ್ಲಿಟ್ಟಿದ್ದೆ, ಮುಂದಿನ ಪರೀಕ್ಷೆಗಳಿಗೆಂದು. ಮಧ್ಯಾಹ್ನ ನೋಡಿದರೆ ಊಟದ ಮನೆಯ ಹೀಟರ್ ಕೆಟ್ಟಿತ್ತು. ತಣ್ಣಗಿನ ಊಟ ನನಗೆ ಆಗದು. ತಣ್ಣಗೆ ತಿಂದ ದಿನ ನಾನು ಯಾರನ್ನಾದರೂ ಕೊಲ್ಲುತ್ತೇನೆ. ಮೀಟರಪ್ಪ ಊಟಕ್ಕೆ ಹೊರಗೆ ಹೋದದ್ದು ಕಂಡಿತು. ಒಣ ಕೋಣೆಯಲ್ಲಿ ಒಂದು ದೊಡ್ಡ ಓವನ್ ಇದೆ ಎಂಬುದು ಗೊತ್ತಿತ್ತು. ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು, ಬೆಕ್ಕು ಹಾಲಿನ ಮನೆಗೆ ನುಗ್ಗುವ ಹಾಗೆ ನುಗ್ಗಿದೆ.

ಓವನ್ನಿನ ಕೆಳಗಿನ ಅಂತಸ್ತಿನಲ್ಲಿ ಡಬ್ಬಿ ಇಟ್ಟು ಬಾಗಿಲು ಹಾಕಿದೆ. ಮೀಟರಪ್ಪನ ಕುರ್ಚಿಯಲ್ಲಿ ಕೂತು, ಒಂದು ಸುತ್ತು ತಿರುಗಿ, ಅವನ ಹಾಗೆ ಹುಬ್ಬು ಗಂಟಿಕ್ಕಿ ನೋಡಿದೆ. ಘಮ ಬಂತು. ಎದ್ದು ಬಾಗಿಲು ತೆಗೆದೆ. ಆಗ ಮೇಲಿನ ಅಂತಸ್ತು ಕಣ್ಣಿಗೆ ಬಿತ್ತು. ಅಲ್ಲಿ ನನ್ನ ತಟ್ಟೆ. ಹಸಿರು ಟೇಪಿನ ಮೇಲೆ ನನ್ನ ಅಕ್ಷರ. ಬೆಳಿಗ್ಗೆ ನೆನೆಸಿ ಕೊಟ್ಟ ಪದರಗಳು ಸಾಲಾಗಿ ಮಲಗಿ ಬೇಯುತ್ತಿದ್ದವು.

ನನ್ನ ಹಿಂದೆ ಬಾಗಿಲು ಸದ್ದಾಯಿತು. ಮೀಟರಪ್ಪ ಹಲ್ಲಿನ ಕಡ್ಡಿ ಕಚ್ಚಿಕೊಂಡು ನಿಂತಿದ್ದ.

“ಏನ್ ಮೇಡಂ ಇದು! ಓವನ್ನಲ್ಲಿ ಊಟದ ಡಬ್ಬಿ?”

“ಡಬ್ಬಿ ಹಾಳಾಗ್ಲಿ. ನನ್ನ ತಟ್ಟೆ ಯಾಕೆ ಇದರಲ್ಲಿದೆ?”

“ಒದ್ದೆ ಇತ್ತು. ಒಣಗಿಸ್ತಿದ್ದೀನಿ.”

“ಎಷ್ಟು ಡಿಗ್ರೀಲಿ?”

“ನೂರ ನಲವತ್ತು.”

“ಎಷ್ಟು ಹೊತ್ತು?”

“ಮಾಮೂಲಿ. ಬೆಳಗ್ಗೆ ಇಟ್ರೆ ಸಂಜೆ ತೆಗಿಯೋದು.”

“ಅಕ್ಕನ ಪಟ್ಟಿಗಳನ್ನೂ?”

“ನಿಮ್ಮ ಕೋಣೆಯಿಂದ ಬಂದಿದ್ದೆಲ್ಲಾನೂ. ಒದ್ದೇದು ಬಂದ್ರೆ ಮೊದ್ಲು ಓವನ್, ಆಮೇಲೆ ಬಾಕಿ ಮಾತು. ನಾನು ಸೇರೋದಕ್ಕಿಂತ ಮುಂಚಿನ ಪದ್ಧತಿ ಇದು.” ಅವನ ಮುಖ ಅರಳಿತು. “ಒಣಗಿದ್ಮೇಲೆ ರೀಡಿಂಗ್ ನೋಡ್ಬೇಕು ನೀವು. ದುಪ್ಪಟ್ಟು! ಇಷ್ಟು ಚೆನ್ನಾಗಿ ವಿದ್ಯುತ್ ಹರಿಯೋ ಪದರ ಯಾರೂ ಮಾಡಿಲ್ಲ.”

ನಾನು ಕಿರುಚಿದೆ. ಆ ಕಿರುಚಾಟಕ್ಕೆ ಮೂರು ಬೀದಿಯಾಚೆ ನಾಯಿಗಳು ಬೊಗಳಿದವು. ಆ ಪ್ಲಾಸ್ಟಿಕ್ಕಿನ ಮೈತುಂಬ ಆಮ್ಲ. ತಣ್ಣಗಿದ್ದಾಗ ಅದು ಪಾಪದ ಪ್ರಾಣಿ. ಬಿಸಿಯೇರಿದರೆ ನನ್ನ ಸರವನ್ನು ಮಣಿಮಣಿಯಾಗಿ ಕಡಿದು ನುಂಗುತ್ತದೆ. ಸಂಜೆಯ ಹೊತ್ತಿಗೆ ಉಳಿಯುವುದು ಥಳಥಳ ಹೊಳೆಯುವ, ವಿದ್ಯುತ್ ಸೊಗಸಾಗಿ ಹರಿಯುವ, ಒಂದೂ ಕೈಯಿಲ್ಲದ ಬೋಳು ಪಟ್ಟಿ. ಬರೀ ಲೋಹದ ತಂತಿಗೂ ಅದಕ್ಕೂ ಅತ್ತೆಯ ಲೆಕ್ಕದಲ್ಲಿ ಏನೂ ವ್ಯತ್ಯಾಸವಿಲ್ಲ.

ಇಷ್ಟು ದಿನ ಯಾಕೆ ತಿಳಿಯಲಿಲ್ಲ ಎಂದು ನೀವು ಕೇಳುತ್ತೀರಿ. ಕೇಳಿ, ನನ್ನ ಪಿತ್ತ ಇನ್ನಷ್ಟು ಕೆರಳಲಿ. ಜೀವಕೋಶ ಕೂರುತ್ತದೋ ಇಲ್ಲವೋ ಎಂಬ ಪರೀಕ್ಷೆ ನನ್ನ ಕೋಣೆಯದು. ಅದಕ್ಕೆ ನನ್ನ ಕೋಣೆಯಲ್ಲೇ ಉಳಿದ ತುಂಡುಗಳನ್ನು ಬಳಸುತ್ತಿದ್ದೆವು, ಕಿಂಡಿ ದಾಟಿ ಹೋದವನ್ನಲ್ಲ. ವಿದ್ಯುತ್ತಿನ ಪರೀಕ್ಷೆ ಅವನ ಕೋಣೆಯದು; ಅದು ಬೇಯಿಸಿದ ಮೇಲೆ. ನನ್ನ ಪರೀಕ್ಷೆಯಲ್ಲಿ ನಾನು ಪಾಸು, ಅವನ ಪರೀಕ್ಷೆಯಲ್ಲಿ ಅವನು ಪಾಸು. ಅಕ್ಕನ ತೋಳಿಗೆ ಹೋಗಲಿದ್ದದ್ದು ಹೆಣ.

ನೇರ ಯಜಮಾನರ ಕೋಣೆಗೆ ಹೋದೆ. ಯಜಮಾನರು ಎಂದರೆ ನಮ್ಮ ಲ್ಯಾಬಿನ ಮುಖ್ಯಸ್ಥರು. ಮೃದು ಮಾತು, ಮೃದು ಕುರ್ಚಿ. ಮೀಟರಪ್ಪ ನನ್ನ ಹಿಂದೆಯೇ ಓಡಿಬಂದ. ಅವನ ಕೈಯಲ್ಲಿ ನನ್ನ ಡಬ್ಬಿ, ಸಾಕ್ಷಿಗೆ.

“ಕೂತ್ಕೊಳಿ ಬಡಾಯಿ.”

“ಕೂರಲ್ಲ. ಲಕ್ಷ ಕೋಟಿ ಕೈಗಳನ್ನ ಇವನು ಸುಟ್ಟಿದ್ದಾನೆ. ಸುಡುಗಾಡು ಮಾಡಿಟ್ಟಿದ್ದಾನೆ ಓವನ್ನ! ಆಪರೇಷನ್ ನಿಲ್ಸಿ.”

ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. “ಲ್ಯಾಬಿನ ಓವನ್ನಲ್ಲಿ ಊಟ ಬಿಸಿ ಮಾಡಿದ್ರಾ?”

“ಹೂಂ, ಮಾಡ್ದೆ. ನನ್ನನ್ನ ಗಲ್ಲಿಗೆ ಹಾಕಿ. ಅದಕ್ಕೆ ಮುಂಚೆ ಆಪರೇಷನ್ ನಿಲ್ಸಿ.”

“ನೋಡಿ, ಹೋದ ತಿಂಗಳು ಫ್ರಿಜ್ ಸದ್ದು ಮಾಡ್ತಿದೆ, ಎರಡು ದಿನದಲ್ಲಿ ಕಟ್ಟಡ ಬೀಳುತ್ತೆ ಅಂದ್ರಿ. ಬಿತ್ತಾ?”

“ಗೋಡೇಲಿ ಬಿರುಕು ಬಂದಿದೆ.”

“ಅದು ಕಟ್ಟಿದಾಗ್ಲಿಂದ ಇದೆ.” ಮೀಟರಪ್ಪ ಕಿಸಕ್ಕನೆ ನಕ್ಕ. ಯಜಮಾನರು ದನಿ ಇನ್ನಷ್ಟು ಮೃದು ಮಾಡಿದರು. “ರೋಗಿ ನಿಮ್ಮ ಸ್ವಂತ ಅಕ್ಕ. ನಿಮ್ಮ ಆತಂಕ ನನಗೆ ಅರ್ಥ ಆಗುತ್ತೆ. ಅದಕ್ಕೇ ಹೇಳ್ತಿದ್ದೀನಿ, ಈ ವಿಷಯದಲ್ಲಿ ನಿಮ್ಮ ಮಾತು ತಗೊಳ್ಳೋ ಹಾಗಿಲ್ಲ. ಆಪರೇಷನ್ ದಿನ ನಮ್ಮ ಕೆಲಸ ನೋಡೋಕೆ ಅತಿಥಿಗಳು ಬರ್ತಿದ್ದಾರೆ. ರೀಡಿಂಗ್ ಅದ್ಭುತವಾಗಿದೆ. ಹೋಗಿ ಊಟ ಮಾಡಿ.”

ಊಟ ಮಾಡಿ! ಆ ಡಬ್ಬಿಯನ್ನು ಅವರ ಮೃದು ಕುರ್ಚಿಯ ಮೇಲೆ ಸುರಿಯದೆ ಬಂದೆನಲ್ಲ, ಅದಕ್ಕೆ ನನಗೊಂದು ಪದಕ ಕೊಡಬೇಕು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇವರಿಗೆ ಕನ್ನಡಿಯೇ ಬೇಕು. ಸರಿ, ಓವನ್ನಿನಿಂದ ನನ್ನ ತಟ್ಟೆ ಕಿತ್ತುಕೊಂಡು ಬಂದೆ. ಬೆಂದ ಪದರಗಳನ್ನು ಒಂದು ತಟ್ಟೆಯಲ್ಲಿ, ಕಿಂಡಿ ದಾಟದ ಪದರಗಳನ್ನು ಇನ್ನೊಂದರಲ್ಲಿ ಇಟ್ಟು, ಎರಡರ ಮೇಲೂ ಒಂದೇ ಸಮ ಜೀವಕೋಶ ಬಿಟ್ಟೆ. ಮಾರನೆಯ ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಬೇಯದ ಪದರದ ಮೇಲೆ ಜೀವಕೋಶಗಳು ಕೈಕಾಲು ಚಾಚಿ, ಒಂದಕ್ಕೊಂದು ಹೆಗಲು ತಾಗಿಸಿ, ಬೀಗರ ಮನೆಯಲ್ಲಿ ಉಂಡು ಮಲಗಿದವರ ಹಾಗೆ ಹರಡಿಕೊಂಡಿದ್ದವು. ಬೆಂದದ್ದರ ಮೇಲೆ ಒಂದೂ ಕೂತಿರಲಿಲ್ಲ. ಎಲ್ಲವೂ ಉಂಡೆಯಾಗಿ, ಹಿಡಿಯಲು ಏನೂ ಸಿಗದೆ ನೀರಿನಲ್ಲಿ ಅಲೆಯುತ್ತಿದ್ದವು.

ಎರಡೂ ತಟ್ಟೆ ಹೊತ್ತು ಯಜಮಾನರ ಬಳಿಗೆ ಓಡಿದೆ. ನೋಡಿದರು. ಒಂದು ಗಳಿಗೆ ಅವರ ಮುಖ ಬಿಳಿಚಿದ್ದನ್ನು ನಾನು ಕಂಡೆ; ಇದಕ್ಕೆ ನಾನು ಏನೂ ಸೇರಿಸಿಲ್ಲ. ಅಷ್ಟರಲ್ಲಿ ಮೀಟರಪ್ಪ ಬಾಯಿ ಹಾಕಿದ.

“ಸರ್, ಇವು ನಿನ್ನೆ ಓವನ್ನಲ್ಲಿದ್ದ ಪದರಗಳು. ಕೆಳಗೆ ಇವರ ಊಟದ ಡಬ್ಬಿ ಇತ್ತು. ಎಣ್ಣೆಯ ಹಬೆ ಮೇಲಕ್ಕೆ ಹೋಗಿ ಪದರದ ಮೇಲೆ ಕೂತಿದೆ. ಎಣ್ಣೆಯ ಮೇಲೆ ಯಾವ ಜೀವಕೋಶ ಕೂರುತ್ತೆ? ಇದು ನಿಮ್ಮ ಸರ ಸತ್ತಿದ್ದಕ್ಕೆ ಸಾಕ್ಷಿ ಅಲ್ಲ ಮೇಡಂ, ನಿಮ್ಮ ಒಗ್ಗರಣೆಗೆ ಸಾಕ್ಷಿ.”

ಯಜಮಾನರ ಮುಖಕ್ಕೆ ಬಣ್ಣ ಮರಳಿತು. “ಹೌದಲ್ವೇ!” ಎಂದರು.

ನನ್ನ ಬಾಯಿ ಕಟ್ಟಿತು. ಹುಟ್ಟಿದಾಗಿನಿಂದ ಕಟ್ಟದ ಬಾಯಿ. ಯಾಕೆಂದರೆ ಆ ಹಾಳಾದವನು ಹೇಳಿದ್ದರಲ್ಲಿ ತರ್ಕವಿತ್ತು. “ಆಸ್ಪತ್ರೆಗೆ ಕಳಿಸಿದ್ದರಲ್ಲಿ ಎರಡು ಪ್ಯಾಕೆಟ್ ಇದೆ, ಒಂದು ಹೆಚ್ಚುವರಿ. ಅದನ್ನ ಬಿಚ್ಚಿ ಪರೀಕ್ಷೆ ಮಾಡಿ” ಎಂದೆ. ಸೀಲ್ ಆದದ್ದನ್ನು ಬಿಚ್ಚುವ ಹಾಗಿಲ್ಲ, ಆಪರೇಷನ್ ಹೊತ್ತಿಗೆ ಹೆಚ್ಚುವರಿ ಪ್ಯಾಕೆಟ್ ಇರಲೇಬೇಕು, ಅದು ನಿಯಮ ಎಂದರು. ಬೇಯಿಸಬಾರದೆಂಬ ನಿಯಮ ಇರಲಿಲ್ಲ. ಬಿಚ್ಚಬಾರದೆಂಬ ನಿಯಮ ಇತ್ತು. ಆ ನಿಯಮ ಬರೆದವರ ಕೈಗೆ ಗೆದ್ದಲು ಹತ್ತಲಿ.

ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಭಾಷಣ ಕಟ್ಟಿದೆ: ಸುಡುಗಾಡು, ಹೆಣ, ಪ್ರಳಯ, ಎಲ್ಲವೂ ಇದ್ದ ಭಾಷಣ. ಕೇಳಿದರೆ ಆಸ್ಪತ್ರೆಯ ಕಂಬಗಳು ಕಣ್ಣೀರು ಹಾಕಬೇಕು. ಅಕ್ಕ ಮಂಚದ ಮೇಲೆ ಕೂತು ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು, ಬೇರೆ ಯಾರದೋ ಮಗುವಿನ ಕೈ ಬಿಡಿಸುವ ಹಾಗೆ. ಅಂಗೈಯ ಮಾಂಸ ಆಗಲೇ ತಗ್ಗಿತ್ತು.

“ಬಾರೇ. ಏನು ಮುಖ ಹಂಗಿದೆ? ಸಮುದ್ರ ಕುಡಿದು ಬಂದ್ಯಾ?”

ನನ್ನ ಭಾಷಣ ಎಲ್ಲಿ ಹೋಯಿತೋ. “ಅಕ್ಕ, ನಾಳೆ ಹಾಕೋ ಪಟ್ಟಿ ಕೆಟ್ಟಿದೆ ಅನ್ಸುತ್ತೆ. ಬಿಸಿಯಲ್ಲಿಟ್ಟು ಒಣಗಿಸಿದ್ದಾರೆ. ನಾನು ಮಾಡಿದ್ದು ಅದರ ಮೇಲೆ ಉಳಿದಿರಲ್ಲ. ಎರಡು ಪ್ಯಾಕೆಟ್ ಇದೆ, ಒಂದನ್ನ ಬಿಚ್ಚಿ ಖಾತ್ರಿ ಮಾಡ್ಕೊಳೋಕೆ ನನಗೆ ಬಿಡ್ತಿಲ್ಲ” ಎಂದೆ.

ಅವಳು ಕಾದಳು. “ಅಷ್ಟೇನಾ?”

“ಅಷ್ಟೇ.”

“ಭೂಕಂಪ ಇಲ್ಲ? ಗುಡ್ಡ ಉರುಳಲ್ಲ?”

“ಇಲ್ಲ.”

ಅಕ್ಕ ಬೆರಳು ಬಿಡಿಸುವುದನ್ನು ನಿಲ್ಲಿಸಿದಳು. “ಹಂಗಾದ್ರೆ ನಿಜಾನೇ” ಎಂದಳು. “ಚಿಕ್ಕಂದಿನಲ್ಲಿ ನಿನಗೆ ಜಿರಳೆ ಕಚ್ಚಿದ್ರೆ ಹುಲಿ ಅಂತಿದ್ದೆ. ಏನೂ ಸೇರಿಸದೆ ನೀನು ಮಾತಾಡಿದ್ದು ಇದೇ ಮೊದಲು. ಹೆದರಿಕೆ ಆಗ್ತಿದೆ ಕಣೇ ನನಗೆ.”

“ಬೇಡ ಅಂದ್ರೆ ಬೇರೆ ಪಟ್ಟಿ ಮಾಡೋಕೆ ತಿಂಗಳ ಮೇಲಾಗುತ್ತೆ. ಅಷ್ಟರಲ್ಲಿ ಕೈಯಿನ ಮಾಂಸ ಇನ್ನೂ ಸೊರಗುತ್ತೆ.”

“ಗೊತ್ತು. ಡಾಕ್ಟ್ರು ಹೇಳಿದ್ದಾರೆ. ನಾಳೆ ಹಾಕಿಸ್ಕೊಂಡ್ರೆ ಪೂರ್ತಿ ಹೋಗ್ಬಹುದು, ಕಾದ್ರೆ ಅರ್ಧ ಹೋಗ್ಬಹುದು.” ಅವಳ ದನಿ ಏರಿತು. “ಎಂಥಾ ಜನಾನೇ ನೀವು! ಅಷ್ಟೊಂದು ಓದಿದ್ದೀರ, ಅಷ್ಟೊಂದು ಮಿಷನ್ ಇಟ್ಕೊಂಡಿದ್ದೀರ, ಒಬ್ರಿಗೂ ಪಕ್ಕದ ಕೋಣೆಗೆ ಹೋಗಿ ಅಲ್ಲೇನ್ ಮಾಡ್ತೀರಪ್ಪ ಅಂತ ಕೇಳೋಕಾಗ್ಲಿಲ್ವಾ? ಗಾಜಿನಂಗಡೀಲಿ ನಾನು ಕೊಯ್ದ ಗಾಜನ್ನ ಚೌಕಟ್ಟಿಗೆ ಕೂರಿಸೋನು ಕೈಯಲ್ಲಿ ಹಿಡಿದು ನನ್ನ ಮುಂದೇನೇ ನೋಡ್ತಾನೆ. ನಿನಗೂ ಸೇರಿಸೇ ಬೈತಿದ್ದೀನಿ, ಬೇರೆ ಕಡೆ ನೋಡ್ಬೇಡ.”

ನಾನು ಬೇರೆ ಕಡೆ ನೋಡಲಿಲ್ಲ.

ಬೆಳಿಗ್ಗೆ ಆಪರೇಷನ್ ಕೋಣೆಯ ಹೊರಗೆ ಯಜಮಾನರು ಇಸ್ತ್ರಿ ಮಾಡಿದ ಕೋಟಿನಲ್ಲಿ ಅತಿಥಿಗಳ ನಡುವೆ ನಿಂತಿದ್ದರು. ಮೀಟರಪ್ಪನ ಕುತ್ತಿಗೆಯಲ್ಲಿ ಮೀಟರು. ಅಕ್ಕನನ್ನು ಗಾಲಿ ಮಂಚದ ಮೇಲೆ ತಂದರು. ಬಾಗಿಲ ಬಳಿ ಅವಳು ಎಡಗೈಯಿಂದ ಚೌಕಟ್ಟು ಹಿಡಿದುಕೊಂಡಳು. ಮಂಚ ನಿಂತಿತು. ಅವಳ ಎಡಗೈಗೆ ಆನೆ ನಿಲ್ಲಿಸುವ ಬಲವಿದೆ. ಆ ದಿನ ಇಬ್ಬರು ಆಯಾಗಳನ್ನು ನಿಲ್ಲಿಸಿದ್ದಂತೂ ಖಂಡಿತ.

“ಡಾಕ್ಟ್ರೇ, ಎರಡು ಪ್ಯಾಕೆಟ್ ಇದೆಯಂತಲ್ಲ. ಒಂದನ್ನ ಬಿಚ್ಚಿ ನೋಡಿ. ಜೀವಕೋಶ ಕೂತ್ರೆ ನಾನು ಮಲಗ್ತೀನಿ. ಇಲ್ದಿದ್ರೆ ಎದ್ದು ಹೋಗ್ತೀನಿ.”

ಸರ್ಜನ್ನಮ್ಮ ಮುಖಗವಸಿನ ಮೇಲಿಂದ ನೋಡಿದರು. “ಯಾಕೆ? ಏನಾಯ್ತು?”

ಯಜಮಾನರು ನಡುವೆ ಬಂದರು. “ಏನಿಲ್ಲ ಡಾಕ್ಟರ್, ಅವರ ತಂಗಿ ಸ್ವಲ್ಪ… ನಿಮಗೆ ಗೊತ್ತಲ್ಲ, ಬಡಾಯಿ. ಸೀಲ್ ಆದ ಪ್ಯಾಕೆಟ್ ಬಿಚ್ಚೋಕೆ ನಿಯಮದಲ್ಲಿ…”

“ಸ್ವಾಮಿ” ಎಂದಳು ಅಕ್ಕ, ಮಲಗಿದಲ್ಲಿಂದಲೇ. “ನನ್ನ ತೋಳು ಬಿಚ್ಚೋಕೆ ನಿಮಗೆ ಧೈರ್ಯ ಇದೆ. ಒಂದು ಪ್ಯಾಕೆಟ್ ಬಿಚ್ಚೋಕೆ ಇಲ್ವಾ?”

ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರ್ಜನ್ನಮ್ಮ ನನ್ನ ಕಡೆ ತಿರುಗಿ, “ಎರಡು ಮಾತಲ್ಲಿ ಹೇಳಿ” ಎಂದರು. ಎರಡು ಮಾತಿನಲ್ಲಿ ಹೇಳಿದೆ. ಮೀಟರಪ್ಪನನ್ನು ಕೇಳಿದರು, “ಬಿಸಿ ಮಾಡಿದ್ದು ಹೌದಾ?” ಅವನು, “ರೀಡಿಂಗ್ ಮಾತ್ರ…” ಎಂದ. “ರೀಡಿಂಗ್ ಕೇಳ್ಲಿಲ್ಲ ನಾನು.” ಅವನು ತಲೆ ಆಡಿಸಿದ. ಅವರು ಕೈಗವಸು ಕಳಚಿದರು. “ಇವತ್ತು ಆಪರೇಷನ್ ಇಲ್ಲ. ಪ್ಯಾಕೆಟ್ ತನ್ನಿ.” ಯಜಮಾನರು ಇನ್ನೇನೋ ಹೇಳಲು ಹೋದರು. “ತೋಳು ಅವರದು, ಚಾಕು ನಂದು. ಇದರಲ್ಲಿ ನಿಮ್ಮದೇನಿದೆ?” ಎಂದರು ಆ ತಾಯಿ. ಅವರ ಪಾದದ ಧೂಳು ನನ್ನ ಹಣೆಗಿರಲಿ.

ಪರೀಕ್ಷೆ ಆಸ್ಪತ್ರೆಯ ಲ್ಯಾಬಿನಲ್ಲೇ ನಡೆಯಿತು, ನನ್ನನ್ನೂ ನನ್ನ ಡಬ್ಬಿಯನ್ನೂ ಹತ್ತಿರ ಸೇರಿಸದೆ. ಮಾರನೆಯ ದಿನ ಎಲ್ಲರನ್ನೂ ಕರೆದು ಒಬ್ಬೊಬ್ಬರಾಗಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಉಂಡೆ ಉಂಡೆ ಜೀವಕೋಶ, ನೀರಿನಲ್ಲಿ ಅಲೆಯುತ್ತ. ಅದೇ ಬೋಳು. ಮೀಟರಪ್ಪ ಬಹಳ ಹೊತ್ತು ಕಣ್ಣು ಕೀಳದೆ ನೋಡಿದ. ಆಮೇಲೆ ಎದ್ದ. “ಒಣಗಿಸ್ಬೇಕು ಅಂತ ಮಾತ್ರ ಹೇಳ್ಕೊಟ್ಟಿದ್ರು ನನಗೆ” ಎಂದ. ಅವನನ್ನು ಹರಿದು ತಿನ್ನಲು ನಾನು ಹಿಂದಿನ ದಿನವೇ ಹಲ್ಲು ಮಸೆದು ಇಟ್ಟುಕೊಂಡಿದ್ದೆ. ಆ ಮುಖ ನೋಡಿ ಎರಡೇ ಬೈಗುಳಕ್ಕೆ ಬಿಟ್ಟೆ. ಯಜಮಾನರು ಕಣ್ಣು ಒರೆಸಿಕೊಂಡು, “ಒಳ್ಳೇದೇ ಆಯ್ತು, ನಮ್ಮ ವ್ಯವಸ್ಥೆ ಸರಿಯಾದ ಹೊತ್ತಿಗೆ ತಪ್ಪನ್ನ ಹಿಡೀತು” ಎಂದರು. ನಮ್ಮ ವ್ಯವಸ್ಥೆಯಂತೆ! ಗಾಲಿ ಮಂಚದ ಮೇಲೆ ಮಲಗಿ ಬಾಗಿಲ ಚೌಕಟ್ಟು ಹಿಡಿದುಕೊಂಡವಳು ಅವರ ವ್ಯವಸ್ಥೆ!

ಹೊಸ ಪಟ್ಟಿ ಮಾಡಿದೆವು. ಈ ಸಲ ಓವನ್ನಿಲ್ಲ. ತಣ್ಣನೆಯ ಒಣ ಗಾಳಿಯಲ್ಲಿ ಇಟ್ಟು ಕಾದೆವು. ರೀಡಿಂಗ್ ಹಿಂದಿನದರ ಅರ್ಧವೂ ಬರಲಿಲ್ಲ. ಬರದಿದ್ದರೆ ಬೇಡ; ನರಕ್ಕೆ ಅಷ್ಟು ಸಾಕು, ಅದೇನು ಊರಿಗೆಲ್ಲ ದೀಪ ಹಚ್ಚಬೇಕಿತ್ತೇ? ಆದರೆ ಕಾಲ ನಿಲ್ಲಲಿಲ್ಲ. ನೆನೆಸಿ, ಕಾದು, ಪರೀಕ್ಷಿಸಿ, ಸೀಲ್ ಮಾಡುವಷ್ಟರಲ್ಲಿ ಒಂದೂವರೆ ತಿಂಗಳು ಕಳೆದಿತ್ತು. ಆ ಒಂದೂವರೆ ತಿಂಗಳೂ ನಾನು ಅಕ್ಕನ ಅಂಗೈ ತಗ್ಗುತ್ತ ಹೋಗುವುದನ್ನು ನೋಡಿದೆ. ಅದನ್ನು ದೊಡ್ಡದು ಮಾಡಿ ಹೇಳುವ ಶ್ರಮ ಬೇಕಿಲ್ಲ.

ಆಪರೇಷನ್ ಆಯಿತು. ಅತ್ತೆ ಗೋಡೆ ಎಬ್ಬಿಸಲಿಲ್ಲ. ನರ ಪಟ್ಟಿಯನ್ನು ಹಿಡಿಯಿತು. ನನ್ನ ಸರ ಹಿಡಿದುಕೊಂಡಿತು ಎನ್ನಿ. ತಿಂಗಳುಗಳು ಹೋದವು. ಒಂದು ಮಧ್ಯಾಹ್ನ ಅಕ್ಕನ ಹೆಬ್ಬೆರಳು ಅಕ್ಕಿಕಾಳಿನಷ್ಟು ಕದಲಿತು. ನಾನು ಬೀದಿಗೆ ಓಡಿ, ಎದುರಿಗೆ ಬಂದ ಅಪರಿಚಿತರೊಬ್ಬರ ಎರಡೂ ಕೈ ಹಿಡಿದು ಕುಲುಕಿದೆ. ಆಮೇಲೆ ತೋರುಬೆರಳು ಬಂತು. ಅಷ್ಟೇ. ಉಳಿದ ಮೂರರ ಮಾಂಸ ಕಾದು ಕಾದು ಸತ್ತಿತ್ತು. “ಮೊದಲ್ನೇ ದಿನಾನೇ ಸರಿಯಾದ ಪಟ್ಟಿ ಇದ್ದಿದ್ರೆ?” ಎಂದು ಸರ್ಜನ್ನಮ್ಮನನ್ನು ಕೇಳಿದೆ. “ಬರ್ತಿದ್ವೇನೋ. ಬರ್ದೇನೂ ಇರಬಹುದಿತ್ತು. ಸುಳ್ಳು ಹೇಳಲ್ಲ, ಗೊತ್ತಿಲ್ಲ” ಎಂದರು.

ಈಚೆಗೆ ನಮ್ಮ ಲ್ಯಾಬಿನಲ್ಲಿ ಸಮಾರಂಭ. ಯಜಮಾನರು ಎದ್ದು, ಒದ್ದೆ ಕೋಣೆ ಮತ್ತು ಒಣ ಕೋಣೆಗಳ ಅಪೂರ್ವ ಸಹಕಾರದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನಾನು ಹಲ್ಲು ಕಡಿದ ಸದ್ದಿಗೆ ಮೈಕು ಕುಯ್ಯೆಂದಿತು. ಆಮೇಲೆ ಅಕ್ಕನನ್ನು ವೇದಿಕೆಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಫೋಟೋ ತೆಗೆಯುವವನು ಬಂದು ಮಂಡಿಯೂರಿದ.

“ಅಮ್ಮಾ, ಕೈ ಎತ್ತಿ. ಹೆಬ್ಬೆರಳು, ತೋರುಬೆರಳು ಆಡಿಸಿ. ಹಾಂ, ಚೆನ್ನಾಗಿದೆ. ಆ ಮೂರು ಬೆರಳು ಸ್ವಲ್ಪ ಮಡಚ್ಕೊಳ್ತೀರಾ? ನೇತಾಡೋದು ಕಾಣುತ್ತೆ.”

“ಮಡಚೋಕೆ ಬರೋದಿದ್ರೆ ಮಡಚ್ತಿದ್ದೆ ಕಣಪ್ಪ.”

ಯಾರೋ ನಕ್ಕರು. ಯಜಮಾನರು ಬಾಗಿ, ತಮ್ಮ ಮೃದುವಾದ ಕೈಯಿಂದ ಆ ಮೂರು ಬೆರಳುಗಳನ್ನು ಮರೆ ಮಾಡಿ ಹಿಡಿಯಲು ಹೋದರು. ಅಕ್ಕ ಅವರ ಕೈಯನ್ನು ಎಡಗೈಯಿಂದ ತಳ್ಳಿದಳು. ಚಟ್ಟೆಂದು ಸದ್ದಾಯಿತು.

“ಇವೆರಡು ನನ್ನ ತಂಗಿ ಮಾಡಿದ್ದು” ಎಂದಳು, ಇಡೀ ಸಭೆಗೆ ಕೇಳುವಂತೆ. “ಈ ಮೂರು ನೀವು ಮಾಡಿದ್ದು. ಎಲ್ಲಾ ಸೇರಿಸಿ ತೆಗೆಯಪ್ಪ ಫೋಟೋ.”

ಫೋಟೋದವನು ಯಜಮಾನರ ಮುಖ ನೋಡಿದ. ಯಜಮಾನರು ನೆಲ ನೋಡುತ್ತಿದ್ದರು. ಅಕ್ಕ ಕೈ ಇಳಿಸಲಿಲ್ಲ. ನನ್ನ ಲೆಕ್ಕದಲ್ಲಿ ಒಂದು ಯುಗ ಎತ್ತಿಯೇ ಹಿಡಿದಿದ್ದಳು. ನೀವು ಅದನ್ನು ಒಂದು ನಿಮಿಷಕ್ಕೆ ಇಳಿಸಿಕೊಂಡರೂ ನನ್ನ ತಕರಾರಿಲ್ಲ; ಆ ಒಂದು ನಿಮಿಷದಲ್ಲಿ ಆ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.